ಓದುಗರ ಪ್ರಶ್ನೆ, ನಮ್ಮ ಉತ್ತರ: ರೋಮಿನ ಕಾನ್ಸಲ್ ಡೀಸಿಯಸ್ ಮುಸ್

ಕಳೆದ ಸಂಚಿಕೆಯಲ್ಲಿ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ವೀರಗಲ್ಲುಗಳನ್ನು ಕುರಿತು ಬರೆಯುವಾಗ ಪ್ರಾಚೀನ ರೋಮಿನ ಮುಖ್ಯಾಧಿಕಾರಿಯಾದ ಒಬ್ಬ ಕಾನ್ಸಲ್‌ನ ಹೆಸರನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೆ. ಯುದ್ಧದ ನಡುವೆ ತನ್ನನ್ನೂ ಶತ್ರುಸೈನ್ಯವನ್ನೂ ಒಟ್ಟಿಗೆ ಭೂದೇವಿಗೆ ಅರ್ಪಿಸಿ ಪ್ರಾಣ ಬಿಟ್ಟವನು ಅವನು. ಆ ವಾಕ್ಯವನ್ನು ಹಿಡಿದು ಮಲೆನಾಡಿನ ಹಲವು ಊರುಗಳಿಂದ ಪತ್ರಗಳು ಬಂದಿವೆ. ಎಲ್ಲವೂ ಒಬ್ಬನೇ ವ್ಯಕ್ತಿಯ ಕುರಿತಾದುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವನಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ತಾವು ಹೆಸರಿಸಿದ ಡೀಸಿಯಸ್ ಯಾರು? ಅವನು ಸತ್ತ ಬಗೆಯನ್ನು ಮಾತ್ರ ಹೇಳಿದಿರಿ. ಬದುಕಿದ ಬಗೆಯನ್ನು ಹೇಳಲಿಲ್ಲ. (ಸಾಗರದಿಂದ ಪ್ರೌಢಶಾಲೆಯ ಒಬ್ಬ ಶಿಕ್ಷಕಿ)

ಈ ಪ್ರಶ್ನೆ ಮೊದಲು ಬರಬೇಕಾದದ್ದೇ. ಪಬ್ಲಿಯಸ್ ಡೀಸಿಯಸ್ ಮುಸ್‌ನನ್ನು ನೆನೆಯುವವರು ಸಾಮಾನ್ಯವಾಗಿ ಅವನ ಕೊನೆಯ ಗಳಿಗೆಯನ್ನಷ್ಟೇ ನೆನೆಯುತ್ತಾರೆ. ಆದರೆ ಅದಕ್ಕೆ ಹಿಂದಿನ ಹನ್ನೆರಡು ವರ್ಷಗಳಲ್ಲಿ ಅವನು ಮಾಡಿದ ಎರಡು ಕೆಲಸಗಳು ದಾಖಲಾಗಿವೆ. ಅವನ್ನು ಬಿಟ್ಟರೆ ಆ ಸಾವಿನ ಅರ್ಥವೂ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವನು ಹುಟ್ಟಿದ್ದು ಪ್ಲೀಬಿಯನ್ ಕುಲದಲ್ಲಿ. ಕ್ರಿ.ಪೂ. 509ರಲ್ಲಿ ಅರಸೊತ್ತಿಗೆಯನ್ನು ಕಿತ್ತೊಗೆದು ಗಣರಾಜ್ಯವಾದ ರೋಮಿನಲ್ಲಿ ಅಧಿಕಾರವೆಲ್ಲ ಬಹುಕಾಲ ಪೆಟ್ರಿಷಿಯನ್ ಎಂಬ ಕೆಲವೇ ಮನೆತನಗಳ ಕೈಯಲ್ಲಿತ್ತು. ಉಳಿದ ಪ್ರಜೆಗಳೆಲ್ಲ ಪ್ಲೀಬಿಯನ್ನರು. ಅವರಲ್ಲಿ ಬಡ ರೈತರೂ ಇದ್ದರು, ಹಣವುಳ್ಳವರೂ ಇದ್ದರು. ಆದರೆ ಕಾನ್ಸಲ್ ಪದವಿ ಅವರಿಗೆ ಎಟುಕುತ್ತಿರಲಿಲ್ಲ. ದೀರ್ಘ ಹೋರಾಟದ ನಂತರ ಕ್ರಿ.ಪೂ. 367ರಲ್ಲಿ ಆದ ಕಾನೂನಿನಿಂದ ಆ ಬಾಗಿಲು ತೆರೆಯಿತು, ಮರುವರ್ಷವೇ ಲೂಸಿಯಸ್ ಸೆಕ್ಸ್‌ಟಿಯಸ್ ಎಂಬುವನು ಮೊದಲ ಪ್ಲೀಬಿಯನ್ ಕಾನ್ಸಲ್ ಆದನು. ಡೀಸಿಯಸ್ ಸಾರ್ವಜನಿಕ ಜೀವನಕ್ಕೆ ಬಂದದ್ದು ಈ ಬದಲಾವಣೆಯ ಬಿಸಿ ಆರುವ ಮೊದಲೇ.

ಅವನ ಹೆಸರು ಮೊದಲು ಕಾಣುವುದು ಯುದ್ಧಭೂಮಿಯಲ್ಲಿ ಅಲ್ಲ, ಸಾಲದ ಲೆಕ್ಕದಲ್ಲಿ. ಆ ಕಾಲದ ರೋಮಿನ ಸಾಮಾನ್ಯ ಪ್ರಜೆಯನ್ನು ಶತ್ರುವಿಗಿಂತ ಹೆಚ್ಚು ಕಾಡಿದ್ದು ಸಾಲ. ತೀರಿಸಲಾಗದವನು ಸಾಲ ಕೊಟ್ಟವನ ಮನೆಯಲ್ಲಿ ಜೀತಕ್ಕೆ ಬೀಳಬೇಕಾಗಿತ್ತು. ಕ್ರಿ.ಪೂ. 352ರಲ್ಲಿ ಈ ಸಂಕಟವನ್ನು ಇಳಿಸಲು ಐದು ಜನರ ಒಂದು ಮಂಡಳಿಯನ್ನು ನೇಮಿಸಲಾಯಿತು, ಅದರಲ್ಲಿ ಡೀಸಿಯಸ್ ಒಬ್ಬ. ಅವರು ಊರ ನಡುವಿನ ಫೋರಮ್ ಎಂಬ ಬಯಲಿನಲ್ಲಿ ಮೇಜುಗಳನ್ನು ಹಾಕಿ ಕುಳಿತು, ತಕ್ಕ ಜಾಮೀನು ಪಡೆದು, ಸರ್ಕಾರಿ ಬೊಕ್ಕಸದ ಹಣದಿಂದಲೇ ಸಾಲಗಾರರ ಬಾಕಿಯನ್ನು ತೀರಿಸಿದರು. ಬೇರೆ ಕೆಲವರ ಸ್ವತ್ತಿಗೆ ನ್ಯಾಯವಾದ ಬೆಲೆ ಕಟ್ಟಿಸಿ ಸಾಲವನ್ನು ಅದರಲ್ಲಿ ಚುಕ್ತಾ ಮಾಡಿಸಿದರು. ಸಾಲ ಕೊಟ್ಟವರೂ ಪಡೆದವರೂ ದೂರದೆ ಒಪ್ಪುವಂತೆ ಈ ಕೆಲಸ ನಡೆಯಿತೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಎರಡೂ ಕಡೆಯವರು ನಂಬುವ ಮನುಷ್ಯ ಎಂಬ ಹೆಸರು ಡೀಸಿಯಸ್‌ಗೆ ಬಂದದ್ದು ಹೀಗೆ.

ಪ್ರಶ್ನೆ: ಅವನು ಟ್ರಿಬ್ಯೂನ್ ಆಗಿದ್ದನೆಂದು ಒಂದು ಕಡೆ, ಕಾನ್ಸಲ್ ಆಗಿದ್ದನೆಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ? (ಶಿವಮೊಗ್ಗದಿಂದ ಒಬ್ಬ ಕಾಲೇಜು ವಿದ್ಯಾರ್ಥಿ)

ಎರಡೂ ಸರಿ, ಬೇರೆ ಬೇರೆ ವರ್ಷಗಳ ಮಾತು. ಕ್ರಿ.ಪೂ. 343ರಲ್ಲಿ ಅವನು ಸೈನ್ಯದ ಟ್ರಿಬ್ಯೂನ್, ಅಂದರೆ ಲೀಜನ್ ಎಂಬ ದಳದಲ್ಲಿ ಕಾನ್ಸಲ್‌ನ ಕೆಳಗೆ ಆಜ್ಞೆ ಕೊಡುವ ಅಧಿಕಾರಿ. ಒಂದು ಲೀಜನ್‌ಗೆ ಇಂಥ ಆರು ಜನರಿರುತ್ತಿದ್ದರು. ಪ್ಲೀಬಿಯನ್ನರ ಹಕ್ಕು ಕಾಯಲು ಚುನಾಯಿತರಾಗುತ್ತಿದ್ದ ಜನರ ಟ್ರಿಬ್ಯೂನರೇ ಬೇರೆ, ಇವರೇ ಬೇರೆ. ಕ್ರಿ.ಪೂ. 340ರಲ್ಲಿ ಅವನು ಕಾನ್ಸಲ್ ಆದನು. ಕಾನ್ಸಲ್‌ಗಳು ಯಾವಾಗಲೂ ಇಬ್ಬರು, ಅವಧಿ ಒಂದೇ ವರ್ಷ. ಒಬ್ಬನು ಮಾಡಿದ್ದನ್ನು ಇನ್ನೊಬ್ಬನು ತಡೆಯಬಹುದಿತ್ತು. ಊರಿನ ಆಡಳಿತವನ್ನೂ ದಂಡಿನ ನಾಯಕತ್ವವನ್ನೂ ಅವರೇ ಹೊರುತ್ತಿದ್ದರು, ರಾಜ್ಯದ ಪರವಾಗಿ ದೇವತೆಗಳ ಮುಂದೆ ನಿಲ್ಲುವವರೂ ಅವರೇ. ಈ ಕೊನೆಯ ಅಂಶವನ್ನು ವಿದ್ಯಾರ್ಥಿ ಮಿತ್ರರು ನೆನಪಿಟ್ಟುಕೊಳ್ಳಬೇಕು. ಮುಂದಿನ ಕತೆಯೆಲ್ಲ ಅದರ ಮೇಲೆ ನಿಂತಿದೆ.

ಪ್ರಶ್ನೆ: ಟ್ರಿಬ್ಯೂನ್ ಆಗಿದ್ದಾಗ ಒಂದು ಗುಡ್ಡವನ್ನು ಹಿಡಿದು ಇಡೀ ದಂಡನ್ನು ಉಳಿಸಿದನೆಂದು ಕೇಳಿದ್ದೇನೆ. ಒಂದು ಗುಡ್ಡದಿಂದ ಅಷ್ಟು ದೊಡ್ಡ ಕೆಲಸ ಹೇಗಾಯಿತು? (ತೀರ್ಥಹಳ್ಳಿಯ ಬಳಿಯಿಂದ ಒಬ್ಬ ಅಡಿಕೆ ಬೆಳೆಗಾರರು)

ಆಗುಂಬೆ ಘಾಟಿಯನ್ನು ಇಳಿದು ಬಲ್ಲ ತೀರ್ಥಹಳ್ಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನ ತಿರುವಿನಲ್ಲಿ ನಿಂತವನಿಗೆ ಕೆಳಗಿನ ತಿರುವಿನಲ್ಲಿರುವವರೆಲ್ಲ ಕಾಣುತ್ತಾರೆ; ಕೆಳಗಿರುವವರಿಗೆ ಮುಂದೆಯೂ ದಾರಿಯಿಲ್ಲ, ಹಿಂದೆಯೂ ದಾರಿಯಿಲ್ಲ. ಕ್ರಿ.ಪೂ. 343ರಲ್ಲಿ ರೋಮಿನ ಸೈನ್ಯ ಸಿಕ್ಕಿಕೊಂಡದ್ದು ಅಂಥದೇ ಜಾಗದಲ್ಲಿ.

ಇಟಲಿಯ ನಡುವಿನ ಬೆಟ್ಟಗಳಲ್ಲಿ ವಾಸಿಸುತ್ತಿದ್ದ ಸ್ಯಾಮ್ನೈಟರು ಕೆಳಗಿನ ಕಂಪಾನಿಯ ಬಯಲಿಗೆ ಇಳಿದು ಕಾಪುವಾ ನಗರದವರನ್ನು ಕಾಡಲು ತೊಡಗಿದಾಗ, ಕಾಪುವಾದವರು ರೋಮಿನ ಆಶ್ರಯಕ್ಕೆ ಬಂದರು. ಮೊದಲನೆಯ ಸ್ಯಾಮ್ನೈಟ್ ಯುದ್ಧ ಶುರುವಾದದ್ದು ಹೀಗೆ. ಆ ವರ್ಷದ ಕಾನ್ಸಲ್‌ಗಳಲ್ಲಿ ಮಾರ್ಕಸ್ ವಲೇರಿಯಸ್ ಕಾರ್ವಸ್ ಕಂಪಾನಿಯ ಕಡೆಗೆ ಹೋದನು. ಆಲಸ್ ಕಾರ್ನೀಲಿಯಸ್ ಕಾಸಸ್ ಬೆಟ್ಟದ ಸೀಮೆಗೆ ನುಗ್ಗಿದನು. ಕಾಸಸ್‌ನ ದಂಡು ಸಟಿಕುಲ ಎಂಬ ಊರಿನ ಬಳಿಯಿಂದ ಹೊರಟು, ಮುಂದಿನ ಬೆಟ್ಟಗಳನ್ನು ಸರಿಯಾಗಿ ನೋಡಿಸದೆ, ಕಾಡು ಕವಿದ ಆಳವಾದ ಕಣಿವೆಯೊಂದಕ್ಕೆ ಇಳಿಯಿತು. ಸುತ್ತಲಿನ ಎತ್ತರಗಳಲ್ಲಿ ಸ್ಯಾಮ್ನೈಟರು ಹೊಂಚುಹಾಕಿ ಕುಳಿತಿದ್ದರು. ದಂಡು ಪೂರ್ತಿಯಾಗಿ ಇಳಿದ ಮೇಲೆಯೇ ಅದು ಕಾಸಸ್‌ಗೆ ತಿಳಿದದ್ದು.

ಆಗ ಡೀಸಿಯಸ್ ಕಂಡದ್ದು ಶತ್ರುಗಳ ನೆಲೆಗೆ ಎದುರಾಗಿ ಎದ್ದು ನಿಂತಿದ್ದ, ಯಾರೂ ಹಿಡಿಯದೆ ಬಿಟ್ಟ ಒಂದೇ ಒಂದು ಗುಡ್ಡದ ತುದಿ. ಭಾರದ ಸರಂಜಾಮು ಹೊತ್ತ ಇಡೀ ದಂಡಿಗೆ ಅದನ್ನು ಏರುವುದು ಕಷ್ಟ, ಹಗುರಾದ ತುಕಡಿಗೆ ಕಷ್ಟವಲ್ಲ. ಅವನು ಕಾನ್ಸಲ್‌ನ ಒಪ್ಪಿಗೆ ಪಡೆದು, ಒಂದು ಲೀಜನ್‌ನ ಮೊದಲೆರಡು ಸಾಲುಗಳ ಕಾಲಾಳುಗಳನ್ನು ಮಾತ್ರ ಕರೆದುಕೊಂಡು, ಕಾಡಿನ ಮರೆಯಲ್ಲಿ ಹೊರಟನು. ತುದಿ ಹತ್ತಿರವಾಗುವವರೆಗೆ ಶತ್ರುಗಳಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಅವರ ಕಣ್ಣೆಲ್ಲ ಗುಡ್ಡದ ಕಡೆ ತಿರುಗಿತು, ಆ ಗಲಿಬಿಲಿಯಲ್ಲಿ ಕಾಸಸ್ ತನ್ನ ದಂಡನ್ನು ಕಣಿವೆಯಿಂದ ಹೊರಗೆ ಎಳೆದುಕೊಂಡನು. ದಂಡು ಉಳಿಯಿತು, ಆದರೆ ಡೀಸಿಯಸ್ ಮತ್ತು ಅವನ ಜನ ಸುತ್ತುವರಿದ ಶತ್ರುಗಳ ನಡುವೆ ಗುಡ್ಡದ ಮೇಲೆ ಉಳಿದುಬಿಟ್ಟರು.

ಅವನು ಎಂಥ ಅಧಿಕಾರಿಯೆಂಬುದು ಆ ರಾತ್ರಿ ಕಾಣುತ್ತದೆ. ಸ್ಯಾಮ್ನೈಟರು ಈಗಲೇ ಏರಿ ಹೊಡೆಯುವುದೇ, ಬೆಳಗಿನವರೆಗೆ ಕಾಯುವುದೇ ಎಂದು ತೀರ್ಮಾನಿಸದೆ ಕತ್ತಲು ಬರುವವರೆಗೆ ಕಾಲ ಕಳೆದರು. ಡೀಸಿಯಸ್ ತನ್ನ ಅಧಿಕಾರಿಯ ಉಡುಪನ್ನು ತೆಗೆದಿಟ್ಟು, ಸಾಮಾನ್ಯ ಸೈನಿಕನ ಮೇಲುಹೊದಿಕೆಯನ್ನು ಹೊದ್ದು, ತನ್ನ ಕೆಳಗಿನ ತುಕಡಿ ನಾಯಕರಾದ ಸೆಂಚುರಿಯನ್‌ಗಳಿಗೂ ಹಾಗೆಯೇ ಮಾಡಿಸಿ, ಶತ್ರುಗಳ ಪಹರೆ ಎಲ್ಲೆಲ್ಲಿದೆ ಎಂದು ತಾನೇ ಕಣ್ಣಾರೆ ನೋಡಿ ಬಂದನು; ದಂಡಿನ ನಾಯಕನೇ ಸುತ್ತು ಹಾಕುತ್ತಿದ್ದಾನೆ ಎಂಬುದು ವೈರಿಗೆ ತಿಳಿಯಬಾರದಾಗಿತ್ತು. ಆಮೇಲೆ ಸೈನಿಕರನ್ನು ಸೇರಿಸಿ, ನೀರಿಲ್ಲದ, ಆಹಾರವಿಲ್ಲದ ಈ ಗುಡ್ಡದ ಮೇಲೆ ಬೆಳಗಾಗುವುದನ್ನು ಕಾದರೆ ಉಳಿವಿಲ್ಲವೆಂದೂ, ವೈರಿಗಳು ಮಲಗಿರುವಾಗಲೇ ಅವರ ನಡುವಿನಿಂದಲೇ ಹಾದುಹೋಗಬೇಕೆಂದೂ ತಿಳಿಸಿದನು.

ರಾತ್ರಿಯ ಎರಡನೆಯ ಜಾವದಲ್ಲಿ ಹೊರಟರು. ಅರ್ಧ ದಾರಿ ಕಳೆದಿತ್ತು. ಮಲಗಿದ್ದವರ ಮೈಮೇಲಿಂದ ದಾಟುತ್ತಿದ್ದ ಒಬ್ಬ ಸೈನಿಕನ ಕಾಲು ಗುರಾಣಿಗೆ ತಾಗಿ ಸದ್ದಾಯಿತು, ಪಹರೆಯವನು ಎದ್ದ. ಅಡಗುವುದರಿಂದ ಇನ್ನು ಪ್ರಯೋಜನವಿಲ್ಲವೆಂದು ಕಂಡ ಡೀಸಿಯಸ್ ಎಲ್ಲರೂ ಒಮ್ಮೆಲೇ ಕೂಗುವಂತೆ ಆಜ್ಞೆ ಕೊಟ್ಟನು. ನಿದ್ದೆಗಣ್ಣಿನಲ್ಲಿ ಎದ್ದವರಿಗೆ ಬಂದವರು ಯಾರು, ಎಷ್ಟು ಜನ, ಯಾವ ದಿಕ್ಕಿನಿಂದ ಎಂಬುದೊಂದೂ ತಿಳಿಯಲಿಲ್ಲ. ಆ ಗದ್ದಲದಲ್ಲಿ ಕೈಗೆ ಸಿಕ್ಕ ಕಾವಲಿನವರನ್ನು ಕಡಿದು, ಅವನ ತುಕಡಿ ರೋಮಿನ ಪಾಳೆಯದತ್ತ ಪಾರಾಯಿತು. ಹತ್ತಿರ ಬಂದ ಮೇಲೆ ಅವನು ಕತ್ತಲಲ್ಲಿ ಒಳಗೆ ನುಗ್ಗದೆ ಬೆಳಕಾಗುವವರೆಗೆ ಹೊರಗೇ ನಿಲ್ಲಿಸಿದನು. ಇಷ್ಟು ಧೈರ್ಯ ತೋರಿದವರು ಹಗಲಿನಲ್ಲಿ ಎಲ್ಲರೂ ನೋಡುವಂತೆ ಮರಳಬೇಕೆಂಬುದು ಅವನ ಇಚ್ಛೆಯಾಗಿತ್ತು.

ಕಾಸಸ್ ಸಭೆ ಕೂಡಿಸಿ ಹೊಗಳಲು ತೊಡಗಿದಾಗ ಡೀಸಿಯಸ್ ತಡೆದು, ವೈರಿಗಳು ಗುಡ್ಡದ ಸುತ್ತ ಚದುರಿ ಗಲಿಬಿಲಿಗೊಂಡಿರುವ ಈ ಗಳಿಗೆಯನ್ನು ಬಿಡಬಾರದು, ಹೊಗಳಿಕೆ ಆಮೇಲೆ ಆಗಲಿ ಎಂದನು. ಕಾನ್ಸಲ್ ಒಪ್ಪಿದನು. ಆ ದಿನವೇ ರೋಮನ್ನರು ವೈರಿಗಳ ಮೇಲೆ ಬಿದ್ದು ಸ್ಯಾಮ್ನೈಟರ ಪಾಳೆಯವನ್ನು ಹಿಡಿದರು. ಸತ್ತ ಶತ್ರುಗಳು 30,000 ಎಂದು ಲಿವಿ ಹೇಳುವುದನ್ನು ನಾವು ಹಾಗೆಯೇ ನಂಬಬೇಕಿಲ್ಲ. ಹಳೆಯ ಯುದ್ಧಗಳ ಲೆಕ್ಕ ಎಲ್ಲ ದೇಶಗಳಲ್ಲಿಯೂ ಉಬ್ಬುತ್ತದೆ.

ಬಹುಮಾನದ ವಿವರವನ್ನು ಮಾತ್ರ ಬಿಡಲಾರೆ. ಕಾನ್ಸಲ್ ಅವನಿಗೆ ಚಿನ್ನದ ಕಿರೀಟ, ನೂರು ಎತ್ತುಗಳು, ಅದರ ಮೇಲೆ ಕೊಂಬಿಗೆ ಚಿನ್ನ ಹಾಕಿದ ಒಂದು ಕೊಬ್ಬಿದ ಬಿಳಿಯ ಎತ್ತನ್ನು ಕೊಟ್ಟನು. ಜೊತೆಗಿದ್ದ ಸೈನಿಕರಿಗೆ ಜೀವನಪರ್ಯಂತ ಎರಡರಷ್ಟು ಧಾನ್ಯ, ಆಗ ತಲಾ ಒಂದು ಎತ್ತು ಮತ್ತು ಎರಡು ಅಂಗಿ. ದಂಡಿನವರು ತಾವಾಗಿಯೇ ಹುಲ್ಲಿನಿಂದ ಹೆಣೆದ ಕಿರೀಟವನ್ನು ಅವನ ತಲೆಗಿಟ್ಟರು. ಮುತ್ತಿಗೆಯಿಂದ ದಂಡನ್ನು ಬಿಡಿಸಿದವನಿಗೆ ಮಾತ್ರ ಸಲ್ಲುವ, ಚಿನ್ನದ ಕಿರೀಟಕ್ಕಿಂತ ದೊಡ್ಡದೆಂದು ರೋಮನ್ನರು ಎಣಿಸುತ್ತಿದ್ದ ಗೌರವ ಅದು. ಗುಡ್ಡದ ಮೇಲಿದ್ದವರು ಇನ್ನೊಂದು ಹುಲ್ಲಿನ ಕಿರೀಟವಿಟ್ಟರು. ಡೀಸಿಯಸ್ ಬಿಳಿಯ ಎತ್ತನ್ನು ಯುದ್ಧದೇವತೆ ಮಾರ್ಸ್‌ಗೆ ಬಲಿಕೊಟ್ಟು, ನೂರು ಎತ್ತುಗಳನ್ನು ತನ್ನೊಡನೆ ಗುಡ್ಡ ಏರಿದವರಿಗೇ ಹಂಚಿದನು. ಸೈನಿಕನ ಜೀವವನ್ನು ದುಡಿಸಿಕೊಂಡು ಹೆಸರು ಮಾಡಿದ ನಾಯಕರು ಇತಿಹಾಸದಲ್ಲಿ ತುಂಬಿದ್ದಾರೆ. ಡೀಸಿಯಸ್ ಅವರ ಸಾಲಿನವನಲ್ಲ.

ಪ್ರಶ್ನೆ: ನಮ್ಮ ವೀರಗಲ್ಲಿನ ವೀರನೂ ಸಾಯುತ್ತಾನೆ, ಈ ಕಾನ್ಸಲ್ ಕೂಡ ಸತ್ತ. ಎರಡೂ ಒಂದೇ ಎನ್ನಬಹುದೇ? ಅವನು ತನ್ನನ್ನು ಅರ್ಪಿಸಿಕೊಂಡದ್ದಾದರೂ ಹೇಗೆ? (ಸೊರಬದಿಂದ ಒಬ್ಬ ನಿವೃತ್ತ ಅಂಚೆ ನೌಕರರು)

ಮೊದಲು ಅವನ ಕತೆಯನ್ನು ಹೇಳಿ, ಆಮೇಲೆ ಹೋಲಿಕೆಗೆ ಬರುತ್ತೇನೆ.

ಕ್ರಿ.ಪೂ. 340ರಲ್ಲಿ ಯುದ್ಧ ಎದ್ದದ್ದು ಸ್ಯಾಮ್ನೈಟರೊಡನೆ ಅಲ್ಲ, ರೋಮಿನ ನೆರೆಯ, ಅದೇ ಭಾಷೆಯ, ಅದೇ ಬಗೆಯ ಆಯುಧ ಹಿಡಿಯುವ ಲ್ಯಾಟಿನ್ ಊರುಗಳೊಡನೆ. ಬಹುಕಾಲ ಮಿತ್ರರಾಗಿದ್ದ ಅವರು, ಇಬ್ಬರು ಕಾನ್ಸಲ್‌ಗಳಲ್ಲಿ ಒಬ್ಬನು ಮತ್ತು ಸೆನೆಟ್‌ನ ಅರ್ಧ ಜನ ತಮ್ಮವರಾಗಬೇಕೆಂದು ಕೇಳಿದರು. ರೋಮ್ ಒಪ್ಪಲಿಲ್ಲ. ಆ ವರ್ಷದ ಕಾನ್ಸಲ್‌ಗಳು ಟೈಟಸ್ ಮ್ಯಾನ್ಲಿಯಸ್ ಟಾರ್ಕ್ವೇಟಸ್ ಮತ್ತು ಡೀಸಿಯಸ್. ಇಬ್ಬರೂ ದಂಡನ್ನು ಕಾಪುವಾದ ಬಳಿ ತಂದು ಇಳಿಸಿದರು. ಅಲ್ಲಿ ಒಂದೇ ರಾತ್ರಿ ಇಬ್ಬರಿಗೂ ಒಂದೇ ಕನಸು ಬಿತ್ತೆಂದು ಲಿವಿ ಬರೆಯುತ್ತಾನೆ: ಮನುಷ್ಯರಿಗಿಂತ ಎತ್ತರವಾದ, ಗಂಭೀರವಾದ ಒಂದು ಆಕೃತಿ ಕಾಣಿಸಿಕೊಂಡು, ಒಂದು ಕಡೆಯ ನಾಯಕನೂ ಇನ್ನೊಂದು ಕಡೆಯ ಸೈನ್ಯವೂ ಪಿತೃದೇವತೆಗಳಿಗೂ ಭೂತಾಯಿಗೂ ಸಲ್ಲಬೇಕಾಗಿದೆ ಎಂದು ಹೇಳಿತು. ಬಲಿಪಶುಗಳ ಕರುಳು ನೋಡಿ ಶಕುನ ಹೇಳುವವರೂ ಅದನ್ನೇ ಹೇಳಿದರು. ಕಾನ್ಸಲ್‌ಗಳು ತಮ್ಮ ಅಧಿಕಾರಿಗಳನ್ನು ಕರೆಸಿ, ಯಾರ ಪಕ್ಕದ ಸಾಲು ಮೊದಲು ಹಿಂದೆ ಸರಿಯುತ್ತದೆಯೋ ಅವನು ತನ್ನನ್ನು ಅರ್ಪಿಸಿಕೊಳ್ಳಬೇಕೆಂದು ಎಲ್ಲರೆದುರು ಒಪ್ಪಂದ ಮಾಡಿಕೊಂಡರು. ಸೈನ್ಯಕ್ಕೆ ಮುಂಚಿತವಾಗಿ ತಿಳಿಸಿದ್ದು, ಕಾನ್ಸಲ್ ಬಿದ್ದದ್ದನ್ನು ಕಂಡು ಸೈನಿಕರು ಎದೆಗುಂದಬಾರದೆಂದು.

ವೆಸೂವಿಯಸ್ ಬೆಟ್ಟದ ಬುಡದಿಂದ ದೂರವಿಲ್ಲದ, ವೆಸೆರಿಸ್‌ಗೆ ಹೋಗುವ ದಾರಿಯಲ್ಲಿ ಯುದ್ಧ ನಡೆಯಿತು. ಬೆಳಿಗ್ಗೆ ಬಲಿ ಕೊಟ್ಟಾಗ ಡೀಸಿಯಸ್‌ನ ಪಶುವಿನ ಯಕೃತ್ತಿನಲ್ಲಿ ಅವನಿಗೆ ಸಂಬಂಧಿಸಿದ ಭಾಗ ಕತ್ತರಿಸಿದಂತಿತ್ತು, ಮ್ಯಾನ್ಲಿಯಸ್‌ನ ಬಲಿ ಶುಭವಾಗಿತ್ತು. ಜೊತೆಗಾರನಿಗೆ ಒಳ್ಳೆಯ ಶಕುನ ಸಿಕ್ಕಿದೆಯಲ್ಲ, ಅಷ್ಟು ಸಾಕು ಎಂದನಂತೆ ಡೀಸಿಯಸ್. ಅವನು ನಿಂತದ್ದು ಎಡ ಪಕ್ಕದಲ್ಲಿ. ಸ್ವಲ್ಪ ಹೊತ್ತಿನ ಹೋರಾಟದ ನಂತರ ಅವನ ಮುಂದಿನ ಸಾಲು ಲ್ಯಾಟಿನರ ಒತ್ತಡ ತಾಳಲಾರದೆ ಎರಡನೆಯ ಸಾಲಿಗೆ ಸರಿಯಿತು. ಆಗ ಅವನು ಪುರೋಹಿತ ಮಾರ್ಕಸ್ ವಲೇರಿಯಸ್‌ನನ್ನು ಕೂಗಿ ಕರೆದು, ಹೇಳಬೇಕಾದ ಮಾತುಗಳನ್ನು ಹೇಳಿಕೊಡು ಎಂದನು.

ರೋಮನ್ನರು ಡೆವೋಷಿಯೊ ಎನ್ನುತ್ತಿದ್ದ ಆ ವಿಧಿಯ ಕ್ರಮ ಹೀಗೆ. ಕಾನ್ಸಲ್ ಕೆಂಪಂಚಿನ ಟೋಗಾ ಎಂಬ ಉದ್ದನೆಯ ವಸ್ತ್ರವನ್ನು ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಒಂದು ಕೈಯನ್ನು ಟೋಗಾದ ಒಳಗಿನಿಂದ ಚಾಚಿ ಗದ್ದಕ್ಕೆ ಮುಟ್ಟಿಸಿ, ನೆಲದ ಮೇಲೆ ಅಡ್ಡಲಾಗಿ ಇಟ್ಟ ಭರ್ಜಿಯ ಮೇಲೆ ನಿಲ್ಲಬೇಕು. ಪುರೋಹಿತ ಹೇಳಿಕೊಟ್ಟಂತೆ ಜೇನಸ್, ಜ್ಯೂಪಿಟರ್, ಮಾರ್ಸ್, ಕ್ವಿರಿನಸ್, ಬೆಲ್ಲೋನಾ ಮೊದಲಾದ ದೇವತೆಗಳನ್ನು ಹೆಸರು ಹಿಡಿದು ಕರೆದು, ರೋಮಿನ ಜನಕ್ಕೆ ಬಲವನ್ನೂ ಜಯವನ್ನೂ, ವೈರಿಗೆ ಭಯವನ್ನೂ ಸಾವನ್ನೂ ಬೇಡಿ, ಶತ್ರುವಿನ ಲೀಜನ್‌ಗಳನ್ನು ತನ್ನೊಂದಿಗೆ ಪಿತೃದೇವತೆಗಳಿಗೂ ಭೂಮಿಗೂ ಅರ್ಪಿಸುತ್ತೇನೆ ಎನ್ನಬೇಕು. ಅಷ್ಟು ಹೇಳಿ ಮುಗಿಸಿದ ಡೀಸಿಯಸ್, ನಡೆದದ್ದನ್ನು ಮ್ಯಾನ್ಲಿಯಸ್‌ಗೆ ತಿಳಿಸಲು ತನ್ನ ಲಿಕ್ಟರ್‌ಗಳನ್ನು, ಎಂದರೆ ಕಾನ್ಸಲ್‌ನ ಮುಂದೆ ದಂಡ ಹಿಡಿದು ನಡೆಯುವವರನ್ನು, ಓಡಿಸಿದನು. ಆಮೇಲೆ ಟೋಗಾವನ್ನು ವಿಧಿಯ ಪ್ರಕಾರ ಸೊಂಟಕ್ಕೆ ಬಿಗಿದು, ಆಯುಧ ಹಿಡಿದು, ಕುದುರೆ ಏರಿ, ಒಬ್ಬನೇ ವೈರಿಗಳ ನಡುವೆ ನುಗ್ಗಿದನು. ಅವನು ಹೋದ ಕಡೆಯೆಲ್ಲ ಲ್ಯಾಟಿನರು ಸಿಡಿಲು ಬಡಿದಂತೆ ಬೆದರಿದರು. ಈಟಿಗಳಿಗೆ ಸಿಕ್ಕಿ ಅವನು ಬಿದ್ದ ಮೇಲೆ ಅವರ ಸಾಲು ಹರಿಯತೊಡಗಿತು. ಕತ್ತಲಾದ್ದರಿಂದ ಆ ದಿನ ಶವ ಸಿಗಲಿಲ್ಲ. ಮರುದಿನ ಹೆಣಗಳ ರಾಶಿಯಲ್ಲಿ ಸಿಕ್ಕಿತು, ಮ್ಯಾನ್ಲಿಯಸ್ ತಕ್ಕ ಗೌರವದಿಂದ ಅಂತ್ಯಕ್ರಿಯೆ ಮಾಡಿದನು.

ಇನ್ನು ಹೋಲಿಕೆ. ನಮ್ಮ ವೀರಗಲ್ಲುಗಳ ಮೇಲೆ ಮತ್ತೆ ಮತ್ತೆ ಕಾಣುವ ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’ ಎಂಬ ಶ್ಲೋಕದ ವೀರ, ಗೆದ್ದರೆ ಸಿರಿ, ಸತ್ತರೆ ಸ್ವರ್ಗ ಎಂದು ಹೊರಟವನು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸಾನ್ನಿಧ್ಯ. ತುರುಗಳನ್ನು ಮರಳಿಸಲು, ಹೆಣ್ಣಿನ ಮಾನ ಕಾಯಲು, ಊರನ್ನು ಉಳಿಸಲು ಅವನು ಹೋರಾಡುತ್ತಾನೆ. ಸಾವು ಬಂದರೆ ಬರಲಿ ಎಂಬುದು ಅವನ ನಿಲುವೇ ಹೊರತು ಸಾವೇ ಅವನ ಸಾಧನವಲ್ಲ. ಡೀಸಿಯಸ್‌ಗೆ ಹತ್ತಿರದವರು ಬೇಕಾದರೆ ಒಡೆಯನಿಗಾಗಿ ಪ್ರಾಣ ಕೊಡುವ ಭಾಷೆ ಮಾಡಿದ ವೇಳೆವಾಳಿಗಳನ್ನೂ ಗರುಡರನ್ನೂ ನೋಡಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬ ಇಮ್ಮಡಿ ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನದು; ಒಡೆಯ ಹೋದ ಮೇಲೆ ತಾನು ಉಳಿಯಲಾರೆನೆಂಬ ಭಾಷೆಯನ್ನು ಅವನು ಪತ್ನಿ ಸುಗ್ಗಲದೇವಿಯೊಡನೆ ನಡೆಸಿಕೊಟ್ಟನು. ಭಾಷೆ ಮೊದಲು, ಸಾವು ಆಮೇಲೆ ಎಂಬಲ್ಲಿ ಗರುಡನೂ ಡೀಸಿಯಸ್ಸೂ ಒಂದಾಗುತ್ತಾರೆ.

ಆದರೂ ದೊಡ್ಡ ಭೇದವೊಂದಿದೆ. ಗರುಡನು ಒಡೆಯನಿಗಾಗಿ ಸಾಯುತ್ತಾನೆ. ಡೀಸಿಯಸ್ ತಾನೇ ಒಡೆಯ, ಅವನು ಸತ್ತದ್ದು ತನ್ನ ಆಳುಗಳಿಗಾಗಿ. ಲಿವಿ ಈ ವಿಧಿಯ ನಿಯಮಗಳನ್ನು ಹೇಳುವಾಗ ಬರೆದಿರುವ ಒಂದು ಮಾತನ್ನು ಸೊರಬದ ಮಿತ್ರರು ಗಮನಿಸಬೇಕು. ಶತ್ರುಸೈನ್ಯವನ್ನು ಅರ್ಪಿಸುವ ಅಧಿಕಾರಿ ತನ್ನನ್ನೇ ಕೊಡಬೇಕೆಂದಿರಲಿಲ್ಲ. ಲೀಜನ್‌ನಲ್ಲಿ ಹೆಸರು ಬರೆಸಿದ ಯಾವ ಪ್ರಜೆಯನ್ನಾದರೂ ಕೊಡಬಹುದಿತ್ತು. ಹಾಗೆ ಕೊಡಲ್ಪಟ್ಟವನು ಸತ್ತರೆ ಸರಿ. ಬದುಕಿಬಿಟ್ಟರೆ ಏಳು ಅಡಿ ಅಥವಾ ಅದಕ್ಕೂ ಎತ್ತರದ ಒಂದು ಪ್ರತಿಮೆಯನ್ನು ಅವನ ಬದಲಿಗೆ ನೆಲದಲ್ಲಿ ಹೂಳಿ, ಪ್ರಾಯಶ್ಚಿತ್ತದ ಬಲಿ ಕೊಡಬೇಕಾಗಿತ್ತು. ಒಬ್ಬ ಬಡ ಕಾಲಾಳನ್ನು ಬೆರಳು ಮಾಡಿ ತೋರಿಸಿದ್ದರೂ ಕಾನೂನಿನ ಪ್ರಕಾರ ಕೆಲಸ ಆಗುತ್ತಿತ್ತು. ಮೂರು ವರ್ಷಗಳ ಹಿಂದೆ ಒಂದು ಗುಡ್ಡದ ತುಂಬ ಇದ್ದ ಸೈನಿಕರನ್ನು ಜೀವಸಹಿತ ಇಳಿಸಿ ತಂದವನು ಹಾಗೆ ಮಾಡಲಿಲ್ಲ. ಅವನ ದೊಡ್ಡತನ ಇರುವುದು ಸಾವಿಗೆ ಅಂಜದ್ದರಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಕಾಣುವುದು, ಬೇರೊಬ್ಬನ ಜೀವವನ್ನು ಕೊಡುವ ಹಕ್ಕು ಕೈಯಲ್ಲಿದ್ದೂ ಅದನ್ನು ಬಳಸದೆ ಬಿಟ್ಟದ್ದರಲ್ಲಿ.

ಪ್ರಶ್ನೆ: ಅದೇ ಯುದ್ಧದಲ್ಲಿ ಇನ್ನೊಬ್ಬ ಕಾನ್ಸಲ್ ಸ್ವಂತ ಮಗನ ತಲೆ ಕಡಿಸಿದನಂತೆ. ಅಂಥವನನ್ನು ಡೀಸಿಯಸ್‌ನ ಪಕ್ಕದಲ್ಲಿ ನಿಲ್ಲಿಸಬಹುದೇ? (ಹೊಸನಗರದಿಂದ ಒಬ್ಬ ಓದುಗರು)

ಲ್ಯಾಟಿನರೂ ರೋಮನ್ನರೂ ಭಾಷೆ, ಉಡುಪು, ಆಯುಧಗಳಲ್ಲಿ ಒಂದೇ ಆಗಿದ್ದುದರಿಂದ, ಗೊಂದಲವಾಗದಂತೆ ಯಾರೂ ಸಾಲು ಬಿಟ್ಟು ಹೋರಾಡಬಾರದೆಂದು ಕಾನ್ಸಲ್‌ಗಳು ಆಜ್ಞೆ ಹೊರಡಿಸಿದ್ದರು. ಮ್ಯಾನ್ಲಿಯಸ್‌ನ ಮಗ, ಲ್ಯಾಟಿನ್ ಊರಾದ ಟಸ್ಕ್ಯುಲಮ್‌ನ ಸವಾರನೊಬ್ಬ ಮೂದಲಿಸಿದ್ದನ್ನು ತಡೆಯಲಾರದೆ ದ್ವಂದ್ವಕ್ಕೆ ಇಳಿದು ಗೆದ್ದನು. ತಂದೆ ಅವನನ್ನು ಇಡೀ ದಂಡಿನ ಎದುರು ಕೊಲ್ಲಿಸಿದನು. ಮ್ಯಾನ್ಲಿಯಸ್ ಕೂಡ ತಾರುಣ್ಯದಲ್ಲಿ ಗಾಲ್ ಜನರ ಒಬ್ಬ ದೈತ್ಯನನ್ನು ದ್ವಂದ್ವದಲ್ಲಿ ಕೊಂದು ಅವನ ಕೊರಳಿನ ಬಳೆಯನ್ನು ತೊಟ್ಟು ಹೆಸರು ಪಡೆದವನೇ. ಆದರೆ ಅವನು ಹೋದದ್ದು ನಾಯಕನ ಅಪ್ಪಣೆ ಪಡೆದು. ಯುದ್ಧ ಮುಗಿಸಿ ಮರಳಿದಾಗ ವಯಸ್ಸಾದವರು ಮಾತ್ರ ಅವನನ್ನು ಎದುರುಗೊಂಡರು. ತರುಣರು ಬದುಕಿರುವವರೆಗೆ ಅವನನ್ನು ದ್ವೇಷಿಸಿದರು.

ನಾನು ಅವನ ತೀರ್ಪನ್ನು ಒಪ್ಪಲಾರೆ. ಹಾಗೆಂದು ಅವನ ಪಾಲಿನ ನ್ಯಾಯವನ್ನೂ ಮರೆಮಾಡಲಾರೆ. ಡೀಸಿಯಸ್ ಬಿದ್ದ ಮೇಲೆ ಯುದ್ಧವನ್ನು ಗೆದ್ದದ್ದು ಮ್ಯಾನ್ಲಿಯಸ್‌ನ ತಾಳ್ಮೆ. ಅವನು ಕೊನೆಯ ಸಾಲಿನ ಅನುಭವಿ ಸೈನಿಕರನ್ನು ಮುಂದೆ ಬಿಡದೆ, ಹಿಂದಿನ ಹಗುರ ಕಾಲಾಳುಗಳನ್ನೇ ಮುಂದೆ ತಂದನು. ರೋಮಿನ ಕೊನೆಯ ಬಲವೂ ಬಂತೆಂದು ತಿಳಿದ ಲ್ಯಾಟಿನರು ತಮ್ಮ ಕೊನೆಯ ಸಾಲನ್ನು ಖರ್ಚು ಮಾಡಿ ದಣಿದರು. ಆಗ ಮ್ಯಾನ್ಲಿಯಸ್ ಕುಳಿತಿದ್ದ ತನ್ನ ಅನುಭವಿಗಳನ್ನು ಎಬ್ಬಿಸಿದನು. ಅಂದು ಅವನು ಯಾವ ಕಡೆಗೆ ನಾಯಕನಾಗಿದ್ದರೂ ಆ ಕಡೆಯೇ ಗೆಲ್ಲುತ್ತಿತ್ತೆಂದು ರೋಮನ್ನರೂ ಲ್ಯಾಟಿನರೂ ಒಪ್ಪುತ್ತಿದ್ದರೆಂದು ಲಿವಿಯೇ ಬರೆದಿದ್ದಾನೆ. ಆತ್ಮಾರ್ಪಣೆ ಸೈನಿಕರಿಗೆ ಎದೆ ಕೊಟ್ಟಿತು, ಜಯ ತಂದದ್ದು ಯುದ್ಧದ ಬುದ್ಧಿ. ಇದನ್ನು ಹೇಳಿದರೆ ಡೀಸಿಯಸ್‌ನ ಗೌರವಕ್ಕೆ ಕುಂದಿಲ್ಲ.

ಪ್ರಶ್ನೆ: ಇದೆಲ್ಲ ನಿಜವಾಗಿ ನಡೆದದ್ದೇ ಅಥವಾ ಆಮೇಲೆ ಕಟ್ಟಿದ ಕತೆಯೇ? (ಶಿಕಾರಿಪುರದಿಂದ ಇತಿಹಾಸದ ಒಬ್ಬ ಅಧ್ಯಾಪಕರು)

ಡೀಸಿಯಸ್ ಕ್ರಿ.ಪೂ. 340ರ ಕಾನ್ಸಲ್ ಎಂಬುದು ಸಂಪ್ರದಾಯದಲ್ಲಿ ಗಟ್ಟಿಯಾಗಿ ನಿಂತಿದೆ. ವಿವರಗಳ ಮಾತು ಬೇರೆ. ಲಿವಿ ಹುಟ್ಟಿದ್ದೇ ಕ್ರಿ.ಪೂ. 59ರ ಸುಮಾರಿಗೆ, ಈ ಘಟನೆಗಳಿಗೂ ಅವನ ಬರವಣಿಗೆಗೂ ನಡುವೆ ಸುಮಾರು ಮೂರು ಶತಮಾನಗಳಿವೆ. ರೋಮನ್ನರಲ್ಲಿ ಮೊದಲು ಇತಿಹಾಸ ಬರೆದ ಫೇಬಿಯಸ್ ಪಿಕ್ಟರ್ ಕೂಡ ಡೀಸಿಯಸ್‌ಗಿಂತ ನೂರು ವರ್ಷಕ್ಕೂ ಹೆಚ್ಚು ಈಚಿನವನು. ನಮ್ಮ ತಾಲ್ಲೂಕುಗಳ ವೀರಗಲ್ಲನ್ನು ಸಾಮಾನ್ಯವಾಗಿ ಸತ್ತವನ ಮನೆಯವರೋ ಊರವರೋ ಒಡೆಯನೋ ನಿಲ್ಲಿಸಿದ್ದು, ನೆನಪು ಹಸಿಯಾಗಿದ್ದಾಗಲೇ. ಸಾಕ್ಷ್ಯದ ದೃಷ್ಟಿಯಿಂದ ಹೆಸರು ಮಾಸಿದ ನಮ್ಮ ಒಬ್ಬ ತುರುಗೊಳ್ ವೀರ, ಎಂದರೆ ದನಗಳಿಗಾಗಿ ಹೋರಾಡಿ ಮಡಿದವನು, ರೋಮಿನ ಕಾನ್ಸಲ್‌ಗಿಂತ ಭದ್ರವಾದ ನೆಲದ ಮೇಲೆ ನಿಂತಿದ್ದಾನೆ.

ಸಂದೇಹಕ್ಕೆ ಇನ್ನೂ ಎರಡು ಕಾರಣಗಳಿವೆ. ಗುಡ್ಡ ಹಿಡಿದು ದಂಡನ್ನು ಉಳಿಸಿದ ಟ್ರಿಬ್ಯೂನ್‌ನ ಕತೆ ರೋಮಿಗೂ ಕಾರ್ಥೇಜಿಗೂ ನಡೆದ ಮೊದಲನೆಯ ಪ್ಯೂನಿಕ್ ಯುದ್ಧದಲ್ಲಿ, ಕ್ರಿ.ಪೂ. 258ರಲ್ಲಿ ಸಿಸಿಲಿಯಲ್ಲಿ ಬೇರೊಬ್ಬ ಟ್ರಿಬ್ಯೂನ್‌ನ ಹೆಸರಿನಲ್ಲಿಯೂ ಬರುತ್ತದೆ. ಎರಡನೆಯದು, ಡೀಸಿಯಸ್‌ನ ಮಗನೂ ಅದೇ ಹೆಸರಿನವನು, ಅವನೂ ಕಾನ್ಸಲ್, ಅವನೂ ಎಡ ಪಕ್ಕದಲ್ಲಿ ನಿಂತು ಅದೇ ವಿಧಿಯಿಂದ ಸತ್ತವನು. ಕ್ರಿ.ಪೂ. 295ರಲ್ಲಿ ಸೆಂಟಿನಮ್ ಎಂಬಲ್ಲಿ ಸ್ಯಾಮ್ನೈಟರೂ ಗಾಲ್ ಜನರೂ ಒಂದಾಗಿ ಬಂದಾಗ ಅದು ನಡೆಯಿತು. ಆ ಯುದ್ಧದ ಸುದ್ದಿ ಅದೇ ಕಾಲದಲ್ಲಿ ಬದುಕಿದ್ದ ಗ್ರೀಕ್ ಇತಿಹಾಸಕಾರ ಡ್ಯೂರಿಸ್‌ನ ತನಕ ಮುಟ್ಟಿತ್ತು. ಆದ್ದರಿಂದ ಮಗನ ಸಾವೇ ಮೂಲ, ತಂದೆಯದು ಅದರ ನೆರಳು ಎಂದು ವಾದಿಸುವ ವಿದ್ವಾಂಸರಿದ್ದಾರೆ.

ನನಗೆ ಆ ವಾದ ಬಲವಾಗಿ ಕಂಡರೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ತಂದೆಯ ಮಾದರಿ ಕಣ್ಣ ಮುಂದಿದ್ದ ಮಗ ಅದೇ ದಾರಿ ಹಿಡಿಯುವುದು ಅಸಹಜವಲ್ಲ. ವಂಶದ ಭಾಷೆಯನ್ನು ತಲೆಮಾರುಗಳ ತನಕ ನಡೆಸಿದವರನ್ನು ನಮ್ಮ ಶಾಸನಗಳೂ ಬಲ್ಲವು. ಎರಡು ಸಾವುಗಳ ನಡುವೆ ಕ್ರಿ.ಪೂ. 300ರಲ್ಲಿ ನಡೆದ ಒಂದು ಘಟನೆಯನ್ನೂ ಲಿವಿ ಕೊಡುತ್ತಾನೆ. ಅಲ್ಲಿಯವರೆಗೆ ದೊಡ್ಡ ಪುರೋಹಿತ ಪದವಿಗಳು ಪೆಟ್ರಿಷಿಯನ್ನರಿಗೇ ಮೀಸಲು. ಅವನ್ನು ಪ್ಲೀಬಿಯನ್ನರಿಗೂ ತೆರೆಯುವ ಮಸೂದೆ ಬಂದಾಗ ಮಗ ಡೀಸಿಯಸ್ ಎದ್ದು ನಿಂತು, ಭರ್ಜಿಯ ಮೇಲೆ ನಿಂತು ರೋಮಿನ ಜನಕ್ಕಾಗಿ ತನ್ನನ್ನು ಅರ್ಪಿಸಿಕೊಂಡ ತಂದೆಯನ್ನು ಸಭೆಗೆ ನೆನಪಿಸಿದನು. ಅಂದು ದೇವತೆಗಳ ಕಣ್ಣಿಗೆ ಪೆಟ್ರಿಷಿಯನ್ ಜೊತೆಗಾರನಷ್ಟೇ ಶುದ್ಧನಾಗಿ ಕಂಡ ಪ್ಲೀಬಿಯನ್, ಪೂಜೆ ಮಾಡಲು ಮಾತ್ರ ಹೇಗೆ ಅನರ್ಹನಾದಾನು ಎಂಬುದು ಅವನ ವಾದ. ಆ ಭಾಷಣದ ಮಾತುಗಳು ಲಿವಿಯ ರಚನೆಯೇ ಇರಬಹುದು; ಕಾನೂನು ಮಾತ್ರ ಆಯಿತು. ಹೊಸದಾಗಿ ಆಯ್ಕೆಯಾದ ನಾಲ್ವರು ಪ್ಲೀಬಿಯನ್ ಪುರೋಹಿತರಲ್ಲಿ ಮಗ ಡೀಸಿಯಸ್ ಒಬ್ಬನಾದರೆ ಮಾರ್ಕಸ್ ಲಿವಿಯಸ್ (ಇತಿಹಾಸಕಾರ ಲಿವಿಯಲ್ಲ) ಇನ್ನೊಬ್ಬ. ಐದು ವರ್ಷಗಳ ನಂತರ ಸೆಂಟಿನಮ್‌ನಲ್ಲಿ ಮಗನಿಗೆ ಅರ್ಪಣೆಯ ಮಾತುಗಳನ್ನು ಹೇಳಿಕೊಟ್ಟವನು ಈ ಲಿವಿಯಸ್ಸೇ.

ಪ್ರಶ್ನೆ: ಆ ವಂಶ ಆಮೇಲೆ ಏನಾಯಿತು? (ಭದ್ರಾವತಿಯಿಂದ ಒಬ್ಬ ಓದುಗರು)

ಮೊಮ್ಮಗನೂ ಅದೇ ಹೆಸರಿನಿಂದ ಕ್ರಿ.ಪೂ. 279ರಲ್ಲಿ ಕಾನ್ಸಲ್ ಆಗಿ, ಆಸ್ಕ್ಯುಲಮ್‌ನಲ್ಲಿ ಗ್ರೀಕ್ ನಾಡಾದ ಎಪೈರಸ್‌ನ ದೊರೆ ಪಿರ‍್ರಸ್‌ನನ್ನು ಎದುರಿಸಿದನು. ಅವನೂ ಅಜ್ಜನಂತೆ, ತಂದೆಯಂತೆ ತನ್ನನ್ನು ಅರ್ಪಿಸಿಕೊಂಡನೆಂದು ರೋಮಿನ ವಾಗ್ಮಿ ಸಿಸೆರೊ ಹೇಳುತ್ತಾನೆ. ಬೇರೊಂದು ಸಂಪ್ರದಾಯದ ಪ್ರಕಾರ ಆ ಸುದ್ದಿ ಮೊದಲೇ ಪಿರ‍್ರಸ್‌ನ ಕಿವಿಗೆ ಬಿದ್ದು, ಡೀಸಿಯಸ್ ವಂಶದವರ ಉಡುಪಿನ ಗುರುತನ್ನು ತನ್ನ ಸೈನಿಕರಿಗೆ ತಿಳಿಸಿ, ಅಂಥವನು ಕಂಡರೆ ಕೊಲ್ಲದೆ ಜೀವಸಹಿತ ಹಿಡಿಯಿರಿ ಎಂದು ಆಜ್ಞೆ ಮಾಡಿದನು. ಪಿರ‍್ರಸ್ ಆ ಯುದ್ಧವನ್ನು ಗೆದ್ದನು. ಗೆಲ್ಲುವಷ್ಟರಲ್ಲಿ ಅವನ ನುರಿತ ಸೈನಿಕರೂ ನೆಚ್ಚಿನ ಅಧಿಕಾರಿಗಳೂ ಬಹುಪಾಲು ಮಡಿದಿದ್ದರು.